ಹಳೇ ಐಪಾಡ್ ವಿಡಿಯೊ: ಬ್ಯಾಟರಿಯನ್ನು ಬೈಯುವ ಮೊದಲು ಡಿಸ್ಕ್ ನೋಡಿ

ಪ್ರಶ್ನೆ: ನನ್ನ ಹತ್ತಿರ 30 ಜಿಬಿಯ ಐದನೇ ತಲೆಮಾರಿನ ಐಪಾಡ್ ಇದೆ, ವಿಡಿಯೊ ತೋರಿಸುವಂಥದ್ದು. ಬಹಳ ವರ್ಷ ಪೆಟ್ಟಿಗೆಯಲ್ಲೇ ಇತ್ತು. ಚಾರ್ಜ್ ಮಾಡಿದರೆ ಹತ್ತಿಕೊಳ್ಳುತ್ತದೆ, ಆದರೆ ಎರಡು ಗಂಟೆ ಹಾಡು ಕೇಳುವಷ್ಟರಲ್ಲಿ ಆರಿಹೋಗುತ್ತದೆ. ಕೆಲವು ಹಾಡುಗಳು ನಡುವೆಯೇ ನಿಂತು ಮುಂದಿನ ಹಾಡಿಗೆ ಹಾರುತ್ತವೆ, ಆಗ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಒಂದು ಕಿವಿಯಲ್ಲಿ ಆಗಾಗ ಏನೂ ಕೇಳಿಸುವುದಿಲ್ಲ. ಹೊಸ ವಿಡಿಯೊ ಹಾಕಲು ಹೋದರೆ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿ ಬದಲಿಸಿದರೆ ಸಾಕೇ? ಹಾರ್ಡ್ ಡಿಸ್ಕ್ ತೆಗೆದು ಮೆಮೊರಿ ಕಾರ್ಡ್ ಕೂರಿಸಬಹುದಂತೆ, ನಿಜವೇ? ಒಳಗಿರುವ ಹಾಡುಗಳು ಬೇರೆಲ್ಲೂ ಇಲ್ಲ.

ಉತ್ತರ: ನೀವು ಕೊನೆಗೆ ಬರೆದದ್ದೇ ಮೊದಲ ಕೆಲಸ. ಹಾಡುಗಳ ಪ್ರತಿ ಕಂಪ್ಯೂಟರಿಗೆ ಸೇರುವ ತನಕ ಐಪಾಡನ್ನು ಬಿಚ್ಚಬೇಡಿ, ಐಪಾಡಿಗೆ ಹಾಡು ತುಂಬುವ ಆಪಲ್ ತಂತ್ರಾಂಶವಾದ ಐಟ್ಯೂನ್ಸ್‌ನ ಎಲ್ಲವನ್ನೂ ಅಳಿಸುವ ‘ರಿಸ್ಟೋರ್’ ಗುಂಡಿಯ ಹತ್ತಿರ ಹೋಗಬೇಡಿ, ಡಿಸ್ಕ್ ಪರೀಕ್ಷೆಯನ್ನೂ ಮಾಡಬೇಡಿ. ನೀವು ಹೇಳಿದ ಲಕ್ಷಣಗಳಲ್ಲಿ ಹಾಡು ಹಾರುವುದು, ಟಿಕ್ ಸದ್ದು, ಬೇಗ ಖಾಲಿಯಾಗುವುದು ಈ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ: ಒಳಗಿನ 1.8 ಇಂಚಿನ ಹಾರ್ಡ್ ಡಿಸ್ಕ್. ಅದು ಇನ್ನೆಷ್ಟು ಸಲ ತಿರುಗುತ್ತದೋ ಯಾರೂ ಹೇಳಲಾರರು. ತಿರುಗುವ ಆ ಕೆಲವು ಗಂಟೆಗಳನ್ನು ಹಾಡು ಉಳಿಸಿಕೊಳ್ಳಲು ಖರ್ಚು ಮಾಡಿ.

ಹಾಡುಗಳನ್ನು ತೆಗೆಯುವುದು ಕಷ್ಟವಲ್ಲ, ಅಡಗಿಸಿಟ್ಟಿದ್ದಾರೆ ಅಷ್ಟೆ. ಐಪಾಡನ್ನು ಡಿಸ್ಕ್ ಮೋಡಿಗೆ ತನ್ನಿ. ಗುಂಡಿಗಳಿಗೆ ಬೀಗ ಹಾಕುವ ಹೋಲ್ಡ್ ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆಯಿರಿ. ಮೆನು ಮತ್ತು ನಡುವಿನ ಗುಂಡಿ ಎರಡನ್ನೂ ಆರರಿಂದ ಎಂಟು ಸೆಕೆಂಡು ಒತ್ತಿ ಹಿಡಿಯಿರಿ. ಸೇಬಿನ ಚಿತ್ರ ಬಂದ ಕೂಡಲೇ ಕೈ ಬಿಟ್ಟು, ನಡುವಿನ ಗುಂಡಿ ಮತ್ತು ಪ್ಲೇ ಗುಂಡಿ ಒತ್ತಿ ಹಿಡಿಯಿರಿ. ಈಗ ಕಂಪ್ಯೂಟರಿಗೆ ಜೋಡಿಸಿದರೆ ಸಾಧಾರಣ ಪೆನ್ ಡ್ರೈವಿನಂತೆ ಕಾಣಿಸಿಕೊಳ್ಳುತ್ತದೆ. ಐಟ್ಯೂನ್ಸ್ ತಾನಾಗಿ ತೆರೆದು ‘ಈ ಐಪಾಡ್ ಬೇರೆ ಸಂಗ್ರಹಕ್ಕೆ ಸೇರಿದೆ, ಅಳಿಸಿ ಹೊಸದಾಗಿ ಹೊಂದಿಸಲೇ’ ಎಂದು ಕೇಳಿದರೆ ಬೇಡ ಎನ್ನಿ. ‘ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೂ ಬೇಡ ಎನ್ನಿ. ಆ ಐಪಾಡ್ ಹಿಂದೆ ಮ್ಯಾಕ್ ಕಂಪ್ಯೂಟರಿನಲ್ಲಿ ಸಿದ್ಧವಾಗಿರಬಹುದು. ಅದರ ಬರಹ ವಿಂಡೋಸಿಗೆ ಅರ್ಥವಾಗದು, ಮ್ಯಾಕ್‌ನಲ್ಲೇ ಓದಿಸಬೇಕು. ವಿಂಡೋಸಿನಲ್ಲಿ ಸಿದ್ಧವಾದ ಐಪಾಡನ್ನಾದರೆ ಎರಡೂ ಓದುತ್ತವೆ.

ಕಂಪ್ಯೂಟರಿನಲ್ಲಿ ಮರೆಯಾಗಿರುವ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿಕೊಂಡು ‘ಐಪಾಡ್ ಕಂಟ್ರೋಲ್’ ಎಂಬ ಫೋಲ್ಡರು, ಅದರೊಳಗೆ ‘ಮ್ಯೂಸಿಕ್’ ಎಂಬುದನ್ನು ತೆರೆಯಿರಿ. ಎಫ್00, ಎಫ್01 ಎಂದು ಸಾಲಾಗಿ ಫೋಲ್ಡರುಗಳಿರುತ್ತವೆ. ಒಳಗಿನ ಫೈಲುಗಳಿಗೆ ಅರ್ಥವಿಲ್ಲದ ನಾಲ್ಕಕ್ಷರದ ಹೆಸರು. ಗಾಬರಿ ಬೇಡ. ಹಾಡಿನ ಹೆಸರು, ಗಾಯಕರು, ಆಲ್ಬಮ್ ಇವೆಲ್ಲ ಪ್ರತಿ ಫೈಲಿನೊಳಗೇ ಬರೆದಿರುತ್ತವೆ, ಯಾವುದೇ ಹಾಡಿನ ತಂತ್ರಾಂಶಕ್ಕೆ ಸೇರಿಸಿದಾಗ ಸರಿಯಾಗಿಯೇ ಕಾಣುತ್ತವೆ. ಪ್ಲೇಲಿಸ್ಟ್ ಮತ್ತು ಎಷ್ಟು ಸಲ ಕೇಳಿದ್ದೀರಿ ಎಂಬ ಲೆಕ್ಕ ಮಾತ್ರ ಬೇರೆ ಕಡತದಲ್ಲಿರುವುದರಿಂದ ಹೀಗೆ ಪ್ರತಿ ಮಾಡಿದಾಗ ಬರುವುದಿಲ್ಲ.

ಇಡೀ ಮ್ಯೂಸಿಕ್ ಫೋಲ್ಡರನ್ನು ಒಟ್ಟಿಗೆ ಎಳೆದು ಹಾಕಬೇಡಿ. ಹದಗೆಟ್ಟ ಡಿಸ್ಕಿನಲ್ಲಿ ಒಂದು ಫೈಲು ಓದಲಾಗದೆ ಸಿಕ್ಕಿಕೊಂಡರೆ ಉಳಿದದ್ದೂ ಅದರ ಹಿಂದೆಯೇ ನಿಲ್ಲುತ್ತದೆ. ಒಂದು ಸಲಕ್ಕೆ ಮೂರೋ ನಾಲ್ಕೋ ಫೋಲ್ಡರು ಸಾಕು. ಸಿಕ್ಕಿಕೊಂಡ ಫೋಲ್ಡರನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ, ಎಲ್ಲ ಮುಗಿದ ಮೇಲೆ ಅದಕ್ಕೆ ವಾಪಸ್ ಬಂದು ಒಂದೊಂದೇ ಹಾಡು ತೆಗೆಯಿರಿ. ಐಟ್ಯೂನ್ಸ್ ಅಂಗಡಿಯಲ್ಲಿ 2009ಕ್ಕೆ ಮೊದಲು ಕೊಂಡ ಹಾಡುಗಳಿದ್ದರೆ ಅವು ಬೀಗ ಹಾಕಿದ ಫೈಲುಗಳಾಗಿರುವ ಸಾಧ್ಯತೆ ಹೆಚ್ಚು. ಪ್ರತಿ ಸಿಗುತ್ತದೆ, ಆದರೆ ಕೊಂಡಾಗಿನ ಖಾತೆಯಿಂದ ಅನುಮತಿ ಕೊಟ್ಟ ಕಂಪ್ಯೂಟರಿನಲ್ಲಷ್ಟೇ ಹಾಡುತ್ತವೆ.

ಹಾಡುಗಳು ಸುರಕ್ಷಿತವಾದ ಮೇಲೆ ಡಿಸ್ಕಿನ ಜಾತಕ ನೋಡಬಹುದು, ಬಿಚ್ಚದೆಯೇ. ಮತ್ತೆ ಮೆನು ಮತ್ತು ನಡುವಿನ ಗುಂಡಿ ಒತ್ತಿ ರೀಸೆಟ್ ಮಾಡಿ, ಸೇಬು ಬಂದಾಗ ಈ ಸಲ ನಡುವಿನ ಗುಂಡಿ ಮತ್ತು ‘ಹಿಂದಿನ ಹಾಡು’ ಗುಂಡಿ ಒತ್ತಿ ಹಿಡಿಯಿರಿ. ತಯಾರಕರ ಪರೀಕ್ಷಾ ಪರದೆ ಬರುತ್ತದೆ. ಅಲ್ಲಿ ಕೈಯಾರೆ ಪರೀಕ್ಷಿಸುವ ‘ಮ್ಯಾನ್ಯುಅಲ್ ಟೆಸ್ಟ್’ ಆರಿಸಿ, ‘ಐಒ’ ಎಂಬುದರೊಳಗೆ ‘ಹಾರ್ಡ್ ಡ್ರೈವ್’, ಅದರಲ್ಲಿ ‘ಸ್ಮಾರ್ಟ್ ಡೇಟಾ’ ತೆರೆಯಿರಿ. ಬೆರಳು ಸುತ್ತಿದರೆ ಪಟ್ಟಿ ಜರುಗದಿದ್ದಲ್ಲಿ ಹಿಂದೆ-ಮುಂದೆ ಗುಂಡಿಗಳನ್ನು ಒತ್ತಿ. ಅಲ್ಲಿ ನಿಮಗೆ ಬೇಕಾದದ್ದು ಎರಡೇ ಅಂಕಿ. ‘ರೀಅಲಾಕ್ಸ್’ ಎಂದರೆ ಡಿಸ್ಕ್ ತಾನೇ ಕೈಬಿಟ್ಟು ಬದಲಿ ಜಾಗಕ್ಕೆ ಸಾಗಿಸಿದ ತುಣುಕುಗಳು. ‘ಪೆಂಡಿಂಗ್ ಸೆಕ್ಟರ್ಸ್’ ಎಂದರೆ ಓದಲಾಗದೆ ಅನುಮಾನದಲ್ಲಿಟ್ಟವು. ಎರಡೂ ಸೊನ್ನೆಯಿದ್ದರೆ ಡಿಸ್ಕಿನ ತಟ್ಟೆ ಚೆನ್ನಾಗಿದೆ ಎಂದುಕೊಳ್ಳಬಹುದು. ಮೊದಲನೆಯದು ಸಣ್ಣ ಸಂಖ್ಯೆಯಾಗಿದ್ದು ವಾರಗಟ್ಟಲೆ ಬದಲಾಗದಿದ್ದರೆ ಸ್ವಲ್ಪ ಕಾಲ ನಡೆಯುತ್ತದೆ. ಎರಡನೆಯದು ಸೊನ್ನೆಯಲ್ಲದಿದ್ದರೆ, ಅಥವಾ ನೋಡಿದಾಗಲೆಲ್ಲ ಏರುತ್ತಿದ್ದರೆ, ಆ ಡಿಸ್ಕಿನ ಮೇಲೆ ಇನ್ನು ಬಂಡವಾಳ ಹೂಡಬೇಡಿ. ಹೊರಬರಲು ಮತ್ತೊಮ್ಮೆ ರೀಸೆಟ್ ಮಾಡಿದರಾಯಿತು.

ಸದ್ದನ್ನೂ ಕಿವಿಗೊಟ್ಟು ಕೇಳಿ. ಹಾಡು ಶುರುವಾಗುವ ಮುನ್ನ ಸಣ್ಣಗೆ ಗುಂಯ್‌ಗುಟ್ಟಿ, ಒಂದು ಟಿಕ್ ಎಂದು ಸುಮ್ಮನಾದರೆ ಅದು ಸಹಜ, ಓದುವ ತಲೆ ತನ್ನ ಜಾಗಕ್ಕೆ ಮರಳುವ ಸದ್ದು. ಒಂದೇ ಲಯದಲ್ಲಿ ಟಿಕ್, ಟಿಕ್, ಟಿಕ್ ಎಂದು ಬಡಿದುಕೊಂಡು, ತಿರುಗುವುದು ನಿಂತು, ಮತ್ತೆ ತಿರುಗಲು ಹೊರಟರೆ ಅದು ಕಾಯಿಲೆ. ಹಾಡು ಹಾರುವ ಬಗೆಯಲ್ಲೂ ಸುಳಿವಿದೆ. ಪ್ರತಿ ಸಲ ಅದೇ ಹಾಡು ಅದೇ ಜಾಗದಲ್ಲಿ ಹಾರಿದರೆ ಅಲ್ಲಿನ ತಟ್ಟೆ ಕೆಟ್ಟಿದೆ, ಇಲ್ಲವೇ ಆ ಫೈಲೇ ಕೆಟ್ಟಿದೆ. ಪ್ರತಿ ಮಾಡಿದ ಫೈಲನ್ನು ಕಂಪ್ಯೂಟರಿನಲ್ಲಿ ಕೇಳಿ ನೋಡಿದರೆ ಯಾವುದು ಎಂದು ತಿಳಿಯುತ್ತದೆ. ಒಮ್ಮೆ ಒಂದು, ಇನ್ನೊಮ್ಮೆ ಇನ್ನೊಂದು ಹಾಡು ಹಾರುತ್ತಿದ್ದರೆ, ಅದರಲ್ಲೂ ಐಪಾಡನ್ನು ಅಲುಗಿಸಿದಾಗ ಹೀಗಾದರೆ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ರಿಬ್ಬನ್ ಕೇಬಲ್ ಸಡಿಲಾಗಿರುವ ಸಾಧ್ಯತೆ ಹೆಚ್ಚು. ಪರದೆಯಲ್ಲಿ ಫೋಲ್ಡರಿನ ಚಿತ್ರದ ಪಕ್ಕ ಆಶ್ಚರ್ಯಸೂಚಕ ಚಿಹ್ನೆ ಬರುವ ಎಷ್ಟೋ ಐಪಾಡುಗಳು ಆ ರಿಬ್ಬನ್ ತೆಗೆದು ಮತ್ತೆ ಸರಿಯಾಗಿ ಕೂರಿಸಿದಷ್ಟಕ್ಕೇ ಬದುಕುತ್ತವೆ. ಮಡಚಿದ ಕಾಗದದ ಚೂರನ್ನು ಡಿಸ್ಕಿನ ಮೇಲಿಟ್ಟು ಒತ್ತಿ ಮುಚ್ಚುವ ಉಪಾಯವೂ ಬಳಕೆಯಲ್ಲಿದೆ. ಕೆಲವು ದಿನ ನಡೆಯುತ್ತದೆ, ಆದರೆ ಅದನ್ನು ರಿಪೇರಿ ಎನ್ನಲಾಗದು.

ಹೆಪ್ಪುಗಟ್ಟಿ ನಿಂತದ್ದೆಲ್ಲ ಭಾಗ ಕೆಟ್ಟದ್ದರಿಂದಲೇ ಅಲ್ಲ ಎಂಬುದನ್ನೂ ನೆನಪಿಡಿ. ಮೈಕ್ರೋಸಾಫ್ಟಿನ ಹಾಡಿನ ಪ್ಲೇಯರಾದ 30 ಜಿಬಿ ಝೂನ್‌ಗಳು 2008ರ ಡಿಸೆಂಬರ್ 31ರಂದು ಒಂದೇ ದಿನ ಸಾಲುಸಾಲಾಗಿ ನಿಂತುಹೋದವು. ಅಧಿಕ ವರ್ಷದ 366ನೇ ದಿನವನ್ನು ಎಣಿಸಲಾಗದೆ ಗಡಿಯಾರದ ತಂತ್ರಾಂಶ ಸುತ್ತಿದಲ್ಲೇ ಸುತ್ತಿತ್ತು. ಪರಿಹಾರವೇನು ಗೊತ್ತೇ? ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಟ್ಟು, ಮರುದಿನ ಚಾರ್ಜ್ ಮಾಡುವುದು. ಆದ್ದರಿಂದ ಸ್ಕ್ರೂಡ್ರೈವರ್ ಹುಡುಕುವ ಮೊದಲು ರೀಸೆಟ್ ಮಾಡಿ ನೋಡುವುದು ಯಾವ ಪ್ಲೇಯರಿಗೂ ಒಳ್ಳೆಯದು.

ಈಗ ಬ್ಯಾಟರಿ. ಡಿಸ್ಕ್ ಕೆಟ್ಟರೆ ಬ್ಯಾಟರಿ ಯಾಕೆ ಬೇಗ ಖಾಲಿಯಾಗಬೇಕು? ಈ ಐಪಾಡ್ ಹಾಡನ್ನು ನೇರವಾಗಿ ಡಿಸ್ಕಿನಿಂದ ಹಾಡುವುದಿಲ್ಲ. ಡಿಸ್ಕನ್ನು ಕೆಲವು ಸೆಕೆಂಡು ತಿರುಗಿಸಿ, ಮುಂದಿನ ಹಲವು ಹಾಡುಗಳನ್ನು ರ್‍ಯಾಮಿಗೆ ತುಂಬಿಕೊಂಡು, ಡಿಸ್ಕನ್ನು ಮಲಗಿಸುತ್ತದೆ. ನಿಮ್ಮ 30 ಜಿಬಿ ಮಾದರಿಯಲ್ಲಿ ರ್‍ಯಾಮ್ 32 ಎಂಬಿ, 60 ಮತ್ತು 80 ಜಿಬಿ ಮಾದರಿಗಳಲ್ಲಿ 64. ಅದರಲ್ಲಿ ಸ್ವಲ್ಪ ಪಾಲು ಐಪಾಡಿನ ಸ್ವಂತ ಕೆಲಸಕ್ಕೆ ಹೋಗುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಹಾಡು ನಿಮಿಷಕ್ಕೆ ಹೆಚ್ಚು ಕಡಿಮೆ 1 ಎಂಬಿ. ಅಂದರೆ ಒಮ್ಮೆ ತಿರುಗಿದರೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ನಿಶ್ಚಿಂತೆ. ಗುಣಮಟ್ಟ ಕಳೆಯದ ಆಪಲ್ ಲಾಸ್‌ಲೆಸ್ ಹಾಡು ನಿಮಿಷಕ್ಕೆ 6 ಎಂಬಿಯ ಆಸುಪಾಸು, ನಾಲ್ಕು ನಿಮಿಷಕ್ಕೊಮ್ಮೆ ಡಿಸ್ಕ್ ಏಳಬೇಕು. ಡಿಸ್ಕ್ ಏಳುವ ಆ ಕ್ಷಣವೇ ಬ್ಯಾಟರಿಗೆ ಅತಿ ಭಾರದ ಕ್ಷಣ. ಕೆಟ್ಟ ಜಾಗ ಸಿಕ್ಕಿದಾಗ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಹೆಣಗುತ್ತದೆ, ಮಲಗುವುದೇ ಇಲ್ಲ. ಬ್ಯಾಟರಿ ಹೊಸದಾದರೂ ಆ ಹೆಣಗಾಟಕ್ಕೆ ಕೆಲವು ಗಂಟೆಗಳಲ್ಲಿ ಸೋಲುತ್ತದೆ. ಹಾಡು ಪೂರ್ತಿ ಕೇಳದೆ ಮುಂದೆ, ಮುಂದೆ ಎಂದು ಒತ್ತುತ್ತಾ ಹೋಗುವವರಿಗೂ ಇದೇ ಗತಿ. ತುಂಬಿಟ್ಟದ್ದನ್ನು ಚೆಲ್ಲಿ ಡಿಸ್ಕನ್ನು ಮತ್ತೆ ಎಬ್ಬಿಸಿದಂತೆ.

ಬ್ಯಾಟರಿಯನ್ನೇ ಪ್ರತ್ಯೇಕವಾಗಿ ಅಳೆಯಬೇಕೆಂದರೆ ಹೀಗೆ ಮಾಡಿ. ಪೂರ್ತಿ ಚಾರ್ಜ್ ಮಾಡಿ. ಸುಮಾರು ಎರಡು ಗಂಟೆಯಲ್ಲಿ ನೂರಕ್ಕೆ ಎಂಬತ್ತು ತುಂಬುತ್ತದೆ, ಪೂರ್ತಿಗೆ ನಾಲ್ಕು ಗಂಟೆ ಬೇಕು. ವರ್ಷಗಟ್ಟಲೆ ಬರಿದಾಗಿದ್ದದ್ದು ಮೊದಲ ಅರ್ಧ ಗಂಟೆ ಪರದೆ ಬೆಳಗದೆ ಸುಮ್ಮನಿದ್ದರೆ ಕಾಯಿರಿ. ಬೆಳಕು ಮತ್ತು ಈಕ್ವಲೈಸರ್ ಆರಿಸಿ, ಧ್ವನಿ ಮಧ್ಯಕ್ಕಿಟ್ಟು, ಎಲ್ಲೂ ಹಾರದ, 128 ಕಿಲೋಬಿಟ್‌ನ ಹಾಡುಗಳ ಪಟ್ಟಿ ಹಾಕಿ ಕೈ ಮುಟ್ಟದೆ ಬಿಡಿ. ಹೊಸದಿದ್ದಾಗ ಈ ಮಾದರಿಗೆ 14 ಗಂಟೆ ಎಂದು ಕಂಪನಿಯೇ ಹೇಳಿತ್ತು. ಎಂಟು-ಒಂಬತ್ತು ಗಂಟೆ ಬಂದರೆ ಬ್ಯಾಟರಿಯ ತಪ್ಪಿಲ್ಲ. ಮೂರು-ನಾಲ್ಕಕ್ಕೆ ನಿಂತು, ಡಿಸ್ಕಿನ ಅಂಕಿಗಳು ಸೊನ್ನೆಯಿದ್ದರೆ ಬ್ಯಾಟರಿಯೇ ಮುದಿಯಾಗಿದೆ. ಚಾರ್ಜ್ ಅರ್ಧ ತೋರಿಸುತ್ತಿದ್ದು, ಡಿಸ್ಕ್ ಗುಂಯ್ ಎಂದ ಕೂಡಲೇ ದಪ್ಪನೆ ಆರಿಹೋದರೆ ಅದೂ ಬ್ಯಾಟರಿಯೇ. ವಯಸ್ಸಾದ ಲಿಥಿಯಂ ಬ್ಯಾಟರಿ ಸಣ್ಣ ಹೊರೆಯನ್ನು ತಡೆಯುತ್ತದೆ, ಡಿಸ್ಕ್ ಎಬ್ಬಿಸುವ ದೊಡ್ಡ ಹೊರೆ ಬಿದ್ದಾಗ ಅದರ ವೋಲ್ಟೇಜ್ ಕುಸಿಯುತ್ತದೆ.

ವಿಡಿಯೊ ನೋಡಿ ಅಳೆಯಬೇಡಿ. 2005ರ ಅಕ್ಟೋಬರಿನ ಮೊದಲ 30 ಜಿಬಿ ಮಾದರಿ ಹೊಸದರಲ್ಲೇ ವಿಡಿಯೊ ತೋರಿಸುತ್ತಿದ್ದುದು 2 ಗಂಟೆ. 2006ರ ಸೆಪ್ಟೆಂಬರಿನಲ್ಲಿ ಬಂದ ಸುಧಾರಿತ 30 ಜಿಬಿ ಮಾದರಿಯಲ್ಲಿ ಅದು ಮೂರೂವರೆ ಗಂಟೆಯಾಯಿತು. ನಿಮ್ಮದು ಯಾವುದು ಎಂದು ತಿಳಿಯಲು ಸುಲಭದ ಗುರುತು: ಹಾಡುಗಳ ಮೆನುವಿನಲ್ಲಿ ‘ಸರ್ಚ್’ ಇದ್ದರೆ ಸುಧಾರಿತ ಮಾದರಿ, ಇಲ್ಲದಿದ್ದರೆ ಮೊದಲಿನದು. ಬಿಡಿಭಾಗ ಕೊಳ್ಳುವಾಗ ಈ ವ್ಯತ್ಯಾಸಕ್ಕಿಂತ ದೇಹದ ದಪ್ಪ ಮುಖ್ಯ. 30 ಜಿಬಿಯದು ತೆಳು, ಅದರ ಡಿಸ್ಕ್ 5 ಮಿಲಿಮೀಟರ್ ದಪ್ಪ. 60 ಮತ್ತು 80 ಜಿಬಿಯ ಡಿಸ್ಕ್ 8 ಮಿಲಿಮೀಟರ್. ಬ್ಯಾಟರಿಯೂ ಇಯರ್‌ಫೋನ್ ಜ್ಯಾಕಿನ ಜೋಡಣೆಯೂ ಎರಡಕ್ಕೆ ಬೇರೆ ಬೇರೆ.

ಬಿಚ್ಚುವ ಮೊದಲು ಐಪಾಡನ್ನು ಮೇಜಿನ ಮೇಲೆ ಮಲಗಿಸಿ. ಹಿಂಬದಿ ಉಬ್ಬಿ ಅಲುಗಾಡುತ್ತಿದ್ದರೆ, ಅಂಚಿನಲ್ಲಿ ಬಿರುಕು ತೆರೆದಿದ್ದರೆ, ಪರದೆಯ ನಡುವೆ ಒತ್ತಿದಂಥ ಕಲೆಯಿದ್ದರೆ ಬ್ಯಾಟರಿ ಊದಿಕೊಂಡಿದೆ. ಅಂಥದನ್ನು ಇನ್ನೊಮ್ಮೆ ಚಾರ್ಜ್ ಮಾಡಬೇಡಿ, ಚೂಪಾದ ಲೋಹ ತಾಕಿಸಲೇಬೇಡಿ.

ಚಾರ್ಜ್ ಕಡಿಮೆ ಇರುವಾಗ, ಹೋಲ್ಡ್ ಹಾಕಿ, ಪ್ಲಾಸ್ಟಿಕ್ ಸಲಾಕೆಯಿಂದ ಕೆಲಸ ಶುರುಮಾಡಿ. ಮುಂಭಾಗದ ಪ್ಲಾಸ್ಟಿಕ್ಕಿಗೂ ಹಿಂಭಾಗದ ಸ್ಟೀಲಿಗೂ ನಡುವಿನ ಸಂದಿಯಲ್ಲಿ ಒಂದು ಪಕ್ಕದಿಂದ ನಿಧಾನವಾಗಿ ಜಾರಿಸಿ, ಒಂದೊಂದೇ ಕೊಂಡಿ ಬಿಡಿಸುತ್ತಾ ಬನ್ನಿ. ಸ್ಕ್ರೂಡ್ರೈವರ್ ತುರುಕಿದರೆ ಸ್ಟೀಲಿನ ಅಂಚು ಬಾಗುತ್ತದೆ, ಮತ್ತೆ ಎಂದೂ ಸರಿಯಾಗಿ ಮುಚ್ಚಿಕೊಳ್ಳದು. ಮುಚ್ಚಳ ಸಡಿಲಾದೊಡನೆ ಪುಸ್ತಕ ತೆರೆದಂತೆ ಎಳೆದುಬಿಡಬೇಡಿ. ಹೊಸಬರ ಕೈಯಲ್ಲಿ ಐಪಾಡ್ ಸಾಯುವುದೇ ಇಲ್ಲಿ. ಹಿಂಬದಿಗೆ ಬ್ಯಾಟರಿಯ ಕಿತ್ತಳೆ ಬಣ್ಣದ ರಿಬ್ಬನ್ನೂ ಇಯರ್‌ಫೋನ್ ಜ್ಯಾಕಿನ ರಿಬ್ಬನ್ನೂ ಅಂಟಿಕೊಂಡಿರುತ್ತವೆ. ಎರಡು ಬೆರಳಷ್ಟು ಮಾತ್ರ ತೆರೆದು, ಬ್ಯಾಟರಿ ರಿಬ್ಬನ್ನಿನ ಪುಟ್ಟ ಕಂದು ಚಿಲಕವನ್ನು ಮೇಲೆತ್ತಿ, ರಿಬ್ಬನ್ನನ್ನು ನೇರವಾಗಿ ಹೊರಗೆ ಜಾರಿಸಿ. ಚಿಲಕ ಕಿತ್ತು ಬರಬಾರದು, ಎದ್ದು ನಿಲ್ಲಬೇಕಷ್ಟೆ. ಆಮೇಲೆ ಡಿಸ್ಕನ್ನು ತುಸು ಎತ್ತಿದರೆ ಅದರ ಕೆಳಗೆ ಜ್ಯಾಕಿನ ರಿಬ್ಬನ್ನಿನ ಚಿಲಕ ಕಾಣುತ್ತದೆ, ಅದನ್ನೂ ಹಾಗೆಯೇ ಬಿಡಿಸಿ. ಈಗ ಎರಡು ಭಾಗ ಬೇರೆಯಾಗುತ್ತವೆ. ಪ್ರತಿ ಹಂತದಲ್ಲಿ ಫೋಟೊ ತೆಗೆದುಕೊಳ್ಳಿ, ಯಾವ ರಿಬ್ಬನ್ ಯಾವ ಮಗ್ಗುಲಾಗಿ ಕೂತಿತ್ತು ಎಂಬುದು ಅರ್ಧ ಗಂಟೆಯ ನಂತರ ಯಾರಿಗೂ ನೆನಪಿರುವುದಿಲ್ಲ.

ಬ್ಯಾಟರಿ ಹಿಂಬದಿಗೆ ಅಂಟಿರುತ್ತದೆ. ಅಗಲ ಪ್ಲಾಸ್ಟಿಕ್ ಕಾರ್ಡನ್ನು ಕೆಳಗೆ ತೂರಿಸಿ ಎಬ್ಬಿಸಿ. ಅಂಟು ಬಿಡದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನ ಎರಡು ಹನಿ ಅಂಚಿಗೆ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಬ್ಯಾಟರಿಯನ್ನು ಬಾಗಿಸಿ ತೆಗೆಯುವ ಆತುರ ಬೇಡ. ಹೊಸ ಬ್ಯಾಟರಿ ಆರಿಸುವಾಗ ಅದರ ಮೇಲೆ ಅಚ್ಚಾದ ಎಂಎಎಚ್ (ಹಿಡಿಸುವ ಶಕ್ತಿಯ ಅಳತೆ) ಅಂಕಿಗೆ ಮರುಳಾಗಬೇಡಿ. ಅದೇ ಉದ್ದ, ಅದೇ ಅಗಲ, ಅದೇ ದಪ್ಪದೊಳಗೆ ಎರಡು ಪಟ್ಟು ಶಕ್ತಿ ಹಿಡಿಸಿದ್ದೇವೆ ಎಂದು ಬರೆದಿದ್ದರೆ ಬರೆದವರಷ್ಟೇ ಅದನ್ನು ನಂಬಬೇಕು. ಹೊಸದು ಹಳೆಯದಕ್ಕಿಂತ ಎದ್ದು ಕಾಣುವಷ್ಟು ಹಗುರವಾಗಿದ್ದರೂ ಅನುಮಾನಿಸಿ.

ಇನ್ನು ನಿಮ್ಮ ಕಾರ್ಡಿನ ಪ್ರಶ್ನೆ. ಹೌದು, ಆಗುತ್ತದೆ, ಪೆಂಡಿಂಗ್ ಅಂಕಿ ಏರಿದ ಡಿಸ್ಕಿಗೆ ಇದೇ ಸರಿಯಾದ ಮದ್ದು. ಅದೇ ಬಗೆಯ ಇನ್ನೊಂದು ಹಳೇ ಡಿಸ್ಕನ್ನು ಹುಡುಕಿ ಹಾಕುವುದು ನನ್ನ ಪ್ರಕಾರ ದಂಡ, ಅದೂ ಇದರಷ್ಟೇ ವಯಸ್ಸಿನದಾಗಿರುತ್ತದೆ. ಐದನೇ ತಲೆಮಾರಿನ ಡಿಸ್ಕ್ ಚಿಲಕ ಎತ್ತಿ ಬಿಡಿಸುವ ‘ಜಿಫ್’ ಬಗೆಯ 40 ಎಳೆಯ ರಿಬ್ಬನ್ನಿಗೆ ಜೋಡಿಕೊಳ್ಳುತ್ತದೆ. ಅದೇ ಜಾಗಕ್ಕೆ ಕೂರುವ, ಎಸ್‌ಡಿ ಅಥವಾ ಮೈಕ್ರೊ ಎಸ್‌ಡಿ ಕಾರ್ಡ್ ಹಿಡಿಸುವ ಅಡಾಪ್ಟರ್ ಫಲಕಗಳು ಸಿಗುತ್ತವೆ. ಅವುಗಳಲ್ಲಿ ಐಫ್ಲ್ಯಾಶ್ ಹೆಸರಿನವು ಐಪಾಡಿಗೆಂದೇ ಮಾಡಿದವು. ಸಾಮಾನ್ಯ ಕಾರ್ಡ್ ಪರಿವರ್ತಕಗಳು ಕೆಲವೊಮ್ಮೆ ಹೊಂದುತ್ತವೆ, ಕೆಲವೊಮ್ಮೆ ನಿದ್ದೆಗೆ ಹೋದ ಐಪಾಡ್ ಏಳದಂತೆ ಮಾಡುತ್ತವೆ. ಒಂದೇ ಕಾರ್ಡಿನ ಫಲಕ ಸಾಕು. ನಾಲ್ಕು ಕಾರ್ಡಿನದು ಜಂಬಕ್ಕೆ ಚೆನ್ನ, ಆದರೆ ಪ್ರತಿ ಕಾರ್ಡೂ ಸುಮ್ಮನಿದ್ದಾಗಲೂ ಸ್ವಲ್ಪ ವಿದ್ಯುತ್ ಕುಡಿಯುತ್ತದೆ.

ಕಾರ್ಡನ್ನು ಒಳಗೆ ಕೂರಿಸುವ ಮೊದಲು ಪೂರ್ತಿ ಬರೆದು ಪೂರ್ತಿ ಓದಿಸಿ ಪರೀಕ್ಷಿಸಿ. ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಉಚಿತ ಸಾಧನಗಳು ಇದಕ್ಕಾಗಿಯೇ ಇವೆ. ನಕಲಿ ಕಾರ್ಡ್ ತನ್ನ ಗಾತ್ರವನ್ನು ಸುಳ್ಳು ಹೇಳುತ್ತದೆ: ಮೊದಲ ಒಂದಷ್ಟು ಹಾಡು ಸರಿಯಾಗಿ ಬರೆದುಕೊಂಡು, ಆಮೇಲಿನದನ್ನು ಮೊದಲಿನದರ ಮೇಲೆಯೇ ಬರೆಯುತ್ತದೆ. ಹೊರಗಿನಿಂದ ಅದು ಥೇಟ್ ಕೆಟ್ಟ ಡಿಸ್ಕಿನಂತೆಯೇ ಕಾಣುತ್ತದೆ, ರಿಬ್ಬನ್ ತೆಗೆದು ಹಾಕಿ ಸುಸ್ತಾಗುತ್ತೀರಿ.

ಡಿಸ್ಕಿನ ಕಪ್ಪು ಚಿಲಕವನ್ನು ಎತ್ತಿ ರಿಬ್ಬನ್ ಬಿಡಿಸಿ, ಅಡಾಪ್ಟರಿಗೆ ಅದೇ ಮಗ್ಗುಲಾಗಿ ತೂರಿಸಿ. ರಿಬ್ಬನ್ನಿನ ಅಂಚು ಚಿಲಕಕ್ಕೆ ಸಮಾನಾಂತರವಾಗಿ ಕಾಣಬೇಕು. ಕೂದಲೆಳೆಯಷ್ಟು ಓರೆಯಾದರೂ 40 ಎಳೆಗಳಲ್ಲಿ ಕೆಲವು ಪಕ್ಕದ್ದಕ್ಕೆ ತಾಕುತ್ತವೆ, ಐಪಾಡ್ ಕಾರ್ಡನ್ನು ಗುರುತಿಸುವುದಿಲ್ಲ. ಕಾರ್ಡ್ ಹಾಕಿಯೂ ಏಳದ ಐಪಾಡುಗಳಲ್ಲಿ ಹೆಚ್ಚಿನವುಗಳ ರೋಗ ಇಷ್ಟೇ. ಡಿಸ್ಕ್ ಹೋದ ಜಾಗ ಖಾಲಿಯಾಗುವುದರಿಂದ ಮೆತ್ತನೆಯ ಫೋಮ್ ತುಂಡನ್ನು ಅಳತೆಗೆ ಕತ್ತರಿಸಿ ಇಡಿ, ಅಡಾಪ್ಟರ್ ಅಲುಗಬಾರದು, ಒತ್ತಲೂಬಾರದು. ಮುಚ್ಚಳವನ್ನು ಈಗಲೇ ಗಟ್ಟಿಯಾಗಿ ಒತ್ತಬೇಡಿ. ಬ್ಯಾಟರಿ ಮತ್ತು ಜ್ಯಾಕಿನ ರಿಬ್ಬನ್ ಜೋಡಿಸಿ, ಬರಿದೇ ಮೇಲಿಟ್ಟು ಪರೀಕ್ಷಿಸಿ.

ಐಪಾಡನ್ನು ಡಿಸ್ಕ್ ಮೋಡಿಗೆ ತಂದು ಕಂಪ್ಯೂಟರಿಗೆ ಜೋಡಿಸಿದರೆ ಐಟ್ಯೂನ್ಸ್ ‘ಇದನ್ನು ರಿಸ್ಟೋರ್ ಮಾಡಬೇಕು’ ಎನ್ನುತ್ತದೆ. ಈಗ ಹೂಂ ಎನ್ನಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಮಾಡಿದರೆ ಒಳ್ಳೆಯದು, ಆಗ ಕಾರ್ಡ್ ಫ್ಯಾಟ್32 ವಿಧಾನದಲ್ಲಿ ಸಿದ್ಧವಾಗುತ್ತದೆ, ಮುಂದೆ ಐಪಾಡಿನ ಮೂಲ ತಂತ್ರಾಂಶದ ಬದಲು ರಾಕ್‌ಬಾಕ್ಸ್ ಹಾಕುವ ಮನಸ್ಸಾದರೂ ತೊಂದರೆಯಿಲ್ಲ. ಮುಗಿದ ಮೇಲೆ ಪರದೆಯಲ್ಲಿ ಪ್ಲಗ್ಗಿನ ಚಿತ್ರ ಬಂದರೆ ಕಂಪ್ಯೂಟರಿನಿಂದ ತೆಗೆದು ಗೋಡೆಯ ಚಾರ್ಜರಿಗೆ ಜೋಡಿಸಿ, ಉಳಿದ ಕೆಲಸ ಅಲ್ಲಿ ಮುಗಿಯುತ್ತದೆ. ರಿಸ್ಟೋರ್ ನಡುವೆ ತಪ್ಪು ಸಂದೇಶ ಬಂದು ನಿಂತರೆ ಕಾರ್ಡನ್ನು ದೂರುವ ಮೊದಲು ಬೇರೆ ಕೇಬಲ್ ಹಾಕಿ, ಕಂಪ್ಯೂಟರಿನ ಹಿಂಬದಿಯ ನೇರ ಯುಎಸ್‌ಬಿ ಕಿಂಡಿಗೆ ಜೋಡಿಸಿ. ಹಳೆಯ 30 ಪಿನ್ ಕೇಬಲ್ಲುಗಳಲ್ಲಿ ಚಾರ್ಜ್ ಹರಿದು ದತ್ತಾಂಶ ಹರಿಯದವೇ ಬಹಳ.

ಕಾರ್ಡ್ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ನಿಮ್ಮ ಐಪಾಡ್ ಹಾಡುಗಳ ಪಟ್ಟಿಯನ್ನು ಅದೇ 32 ಎಂಬಿ ರ್‍ಯಾಮಿಗೆ ತುಂಬಿಕೊಳ್ಳಬೇಕು. ಸುಮಾರು 20,000 ಹಾಡು ದಾಟಿದ ಮೇಲೆ ಪಟ್ಟಿ ಹಿಡಿಸದೆ ತಾನಾಗಿ ರೀಸೆಟ್ ಆಗುತ್ತಿರುತ್ತದೆ. ಹೆಸರುಗಳು ಉದ್ದವಿದ್ದರೆ ಅದಕ್ಕೂ ಮೊದಲೇ. 128 ಜಿಬಿಯ ಕಾರ್ಡ್ ಹಾಕಿ ಆರಾಮವಾಗಿರಿ.

ಒಂದು ಕಿವಿಯ ಸದ್ದು ಹೋಗುವುದಕ್ಕೆ ಇದೆಲ್ಲದರ ಜೊತೆ ಸಂಬಂಧವಿಲ್ಲ. ಮೊದಲು ಬೇರೆ ಇಯರ್‌ಫೋನ್ ಹಾಕಿ ನೋಡಿ. ಅದರಲ್ಲೂ ಹಾಗೆಯೇ ಆದರೆ ಜ್ಯಾಕಿನ ತಳಕ್ಕೆ ಟಾರ್ಚ್ ಬಿಡಿ. ಜೇಬಿನ ಹಿಂಜು ವರ್ಷಗಟ್ಟಲೆ ಒತ್ತಿ ಒತ್ತಿ ಹತ್ತಿಯ ಬಿಲ್ಲೆಯಂತಾಗಿರುತ್ತದೆ, ಪ್ಲಗ್ ಪೂರ್ತಿ ಒಳಗೆ ಹೋಗುವುದೇ ಇಲ್ಲ. ಐಪಾಡ್ ಆರಿಸಿ, ಮರದ ಟೂತ್‌ಪಿಕ್ಕಿನಿಂದ ಕೆದಕಿ ತೆಗೆಯಿರಿ. ಸೂಜಿ, ಪಿನ್ನು ಬೇಡ. ಶುಚಿಯಾಗಿಯೂ ಪ್ಲಗ್ ತಿರುಗಿಸಿದಾಗ ಸದ್ದು ಬಂದು ಹೋಗುತ್ತಿದ್ದರೆ ಜ್ಯಾಕೇ ಸವೆದಿದೆ. ಈ ಮಾದರಿಯಲ್ಲಿ ಜ್ಯಾಕೂ ಹೋಲ್ಡ್ ಸ್ವಿಚ್ಚೂ ಒಂದೇ ರಿಬ್ಬನ್ನಿನ ಮೇಲಿನ ಒಂದೇ ಬಿಡಿಭಾಗ, ಹಿಂಬದಿಗೆ ಸಣ್ಣ ಸ್ಕ್ರೂಗಳಲ್ಲಿ ಕೂತಿರುತ್ತದೆ. ಹೇಗೂ ಬಿಚ್ಚುತ್ತೀರಿ, ಅದನ್ನೂ ಅದೇ ದಿನ ಬದಲಿಸಿ. ತೆಳು ದೇಹದ್ದನ್ನೇ ಕೇಳಿ ತನ್ನಿ, ದಪ್ಪ ದೇಹದ್ದರ ರಿಬ್ಬನ್ ಹೊಂದುವುದಿಲ್ಲ. ಎರಡೂ ಕಿವಿಯಲ್ಲಿ ಸದ್ದು ಸಣ್ಣಗಿದ್ದರೆ ಮಾತ್ರ ಸೆಟ್ಟಿಂಗ್ಸ್‌ನ ‘ವಾಲ್ಯೂಮ್ ಲಿಮಿಟ್’ ನೋಡಿ. ಯಾರೋ ಎಂದೋ ಮಿತಿ ಹಾಕಿರುವುದುಂಟು.

ವಿಡಿಯೊ ತೆಗೆದುಕೊಳ್ಳದಿರುವುದು ಕೆಟ್ಟುಹೋದದ್ದರ ಲಕ್ಷಣವಲ್ಲ. ಈಗಿನ ಫೋನುಗಳು ಸೆರೆಹಿಡಿಯುವ ವಿಡಿಯೊ ಈ ಯಂತ್ರಕ್ಕೆ ಪರಭಾಷೆ. ಫೈಲಿನ ಹೆಸರು ಎಂಪಿ4 ಎಂದಿದ್ದರೆ ಸಾಲದು, ಒಳಗಿನ ಸಂಕೇತ ಎಚ್.264 ಆಗಿದ್ದರೆ ‘ಬೇಸ್‌ಲೈನ್’ ಬಗೆಯದೇ ಆಗಿರಬೇಕು. ‘ಮೇನ್’, ‘ಹೈ’ ಎಂಬ ಬಗೆಗಳನ್ನೂ ಎಚ್.265 ಅನ್ನೂ ಇದು ಮುಟ್ಟುವುದಿಲ್ಲ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಹೀಗೆ ಹೊಂದಿಸಿ: ಅಗಲ 320, ಎತ್ತರ 240ರೊಳಗೆ, ಬೇಸ್‌ಲೈನ್, ಮಟ್ಟ 1.3, ವಿಡಿಯೊಗೆ ಸೆಕೆಂಡಿಗೆ 768 ಕಿಲೋಬಿಟ್ ಮೀರಬಾರದು, ಸೆಕೆಂಡಿಗೆ 30 ಚೌಕಟ್ಟು ಮೀರಬಾರದು, ಧ್ವನಿ ಸಾದಾ ಎಎಸಿ, ಎರಡು ವಾಹಿನಿ, 128 ಕಿಲೋಬಿಟ್. ಐಪಾಡಿನ ಪರದೆಯೇ 320ಕ್ಕೆ 240 ಚುಕ್ಕಿಯದು, ಅದಕ್ಕಿಂತ ದೊಡ್ಡದು ಮಾಡಿದರೆ ಕಣ್ಣಿಗೆ ಲಾಭವಿಲ್ಲ, ಬ್ಯಾಟರಿಗೆ ನಷ್ಟ. ಈ ಅಳತೆಯಲ್ಲೇ ವಿಡಿಯೊ ನಿಮಿಷಕ್ಕೆ ಆರೂಮುಕ್ಕಾಲು ಎಂಬಿಯಷ್ಟು ತಿನ್ನುತ್ತದೆ.

ಟಿವಿಗೆ ಜೋಡಿಸಿ ನೋಡುವ ಆಸೆಯಿದ್ದರೆ ಮಾತ್ರ 640ಕ್ಕೆ 480, ಮಟ್ಟ 3.0, 1.5 ಮೆಗಾಬಿಟ್ ತನಕ ಹೋಗಿ. ಇದಕ್ಕೆ ಐಪಾಡಿನಲ್ಲಿ ತಂತ್ರಾಂಶದ 1.2ನೇ ಆವೃತ್ತಿಯಾದರೂ ಇರಬೇಕು, ಹೊಸದಾಗಿ ರಿಸ್ಟೋರ್ ಮಾಡಿದರೆ ತಾನಾಗಿಯೇ ಬಂದಿರುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ‘ಐಪಾಡ್ 5ಜಿ ಸಪೋರ್ಟ್’ ಎಂಬ ಪುಟ್ಟ ಚೌಕಕ್ಕೆ ಟಿಕ್ ಹಾಕದಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಫೈಲನ್ನು ತಿರಸ್ಕರಿಸುತ್ತದೆ, ಬಹಳ ಜನ ಎಡವುವುದು ಇಲ್ಲೇ. ಟಿವಿಗೆ ಹೋಗುವುದು ಇಯರ್‌ಫೋನ್ ಜ್ಯಾಕಿನಿಂದಲೇ, ಮೂರು ಬಣ್ಣದ ತುದಿಯಿರುವ ಎವಿ ಕೇಬಲ್ಲಿನಲ್ಲಿ. ವಿಡಿಯೊ ಮೆನುವಿನಲ್ಲಿ ‘ಟಿವಿ ಔಟ್’ ಹಾಕಿಯೂ ಚಿತ್ರ ಬರದೆ ಗೊರಗೊರ ಎಂದರೆ ಬಣ್ಣ ಮರೆತು ಮೂರು ತುದಿಗಳನ್ನು ಅದಲು ಬದಲು ಮಾಡಿ ನೋಡಿ. ಕ್ಯಾಮ್‌ಕಾರ್ಡರಿನ ಕೇಬಲ್ಲುಗಳಲ್ಲಿ ಎಳೆಗಳ ಕ್ರಮವೇ ಬೇರೆ.

ಐಟ್ಯೂನ್ಸ್ ಗೋಜು ಬೇಡವೆನ್ನುವವರಿಗೆ, ಫ್ಲ್ಯಾಕ್ (ಗುಣಮಟ್ಟ ಕಳೆಯದ ಇನ್ನೊಂದು ಬಗೆ) ಹಾಡುಗಳಿರುವವರಿಗೆ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಫೋಲ್ಡರುಗಳನ್ನು ಎಳೆದು ಹಾಕಿದರೆ ಸಾಕು, ಹಾಡುತ್ತದೆ. ಮೂಲ ತಂತ್ರಾಂಶವೂ ಉಳಿದಿರುತ್ತದೆ, ಹತ್ತಿಸುವಾಗ ಹೋಲ್ಡ್ ಹಾಕಿದ್ದರೆ ಅದೇ ತೆರೆಯುತ್ತದೆ. ಆದರೆ ಎಚ್ಚರ: ರಾಕ್‌ಬಾಕ್ಸ್ ತೋರಿಸುವುದು ಎಂಪೆಗ್-1, ಎಂಪೆಗ್-2 ವಿಡಿಯೊ ಮಾತ್ರ. ಮೇಲೆ ಹೇಳಿದಂತೆ ಮಾಡಿಟ್ಟ ವಿಡಿಯೊಗಳನ್ನು ನೋಡಲು ಮೂಲ ತಂತ್ರಾಂಶಕ್ಕೇ ಮರಳಬೇಕು.

ಇದನ್ನು ಓದುತ್ತಿರುವ ಐಪಾಡ್ ಕ್ಲಾಸಿಕ್ (ಇದರ ನಂತರದ ತಲೆಮಾರು) ಒಡೆಯರಿಗೆ ಎರಡು ಮಾತು. ಅದರ ಮುಖವೂ ಲೋಹ, ಬೆನ್ನೂ ಲೋಹ. ಕೊಂಡಿಗಳು ಬಿಗಿ, ತೆಳು ಉಕ್ಕಿನ ಪಟ್ಟಿ ತೂರಿಸದೆ ತೆರೆಯದು, ತೆರೆದಾಗ ಅಂಚು ಬಾಗದಿರುವುದೇ ಅಪರೂಪ. ಮೊದಲ ಸಲ ಬಿಚ್ಚುವವರು ಕ್ಲಾಸಿಕ್‌ನಲ್ಲಿ ಕೈ ಪಳಗಿಸಲು ಹೋಗಬಾರದು. 2007 ಮತ್ತು 2008ರ ಕ್ಲಾಸಿಕ್‌ಗಳು ಮೂಲ ತಂತ್ರಾಂಶದಲ್ಲಿ 128 ಜಿಬಿಗಿಂತ ದೊಡ್ಡ ಕಾರ್ಡನ್ನು ಸರಿಯಾಗಿ ಗುರುತಿಸುವುದಿಲ್ಲ. 2009ರ ತೆಳು 160 ಜಿಬಿ ಮಾದರಿಗೆ ಆ ಮಿತಿಯಿಲ್ಲ. ಟಿವಿಗೆ ಜೋಡಿಸಲು ಜ್ಯಾಕಿನ ಕೇಬಲ್ ನಡೆಯದು, ಕೆಳಗಿನ 30 ಪಿನ್ ಕಿಂಡಿಗೆ ಹಾಕುವ, ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಬೇಕು.

ನಿಮ್ಮ ಐಪಾಡಿಗೆ ಮರಳೋಣ. ಕಾರ್ಡ್, ಬ್ಯಾಟರಿ, ಜ್ಯಾಕ್ ಮೂರನ್ನೂ ತರಿಸಿಟ್ಟುಕೊಂಡು ಒಂದೇ ಸಲ ಬಿಚ್ಚಿ, ಬಿಚ್ಚಿದಷ್ಟೂ ಕೊಂಡಿಗಳು ಸಡಿಲಾಗುತ್ತವೆ. ಅಂಕಿಗಳು ಸೊನ್ನೆಯೆಂದು ತಿಳಿದು ಡಿಸ್ಕ್ ಉಳಿಸಿಕೊಳ್ಳುವುದಾದರೆ ಅದರ ಸುತ್ತಲಿನ ರಬ್ಬರ್ ಪಟ್ಟಿಗಳನ್ನು ಮರೆಯದೆ ವಾಪಸ್ ಹಾಕಿ. ಮುಚ್ಚುವ ಮೊದಲು ಹೋಲ್ಡ್ ಸ್ವಿಚ್, ಎರಡೂ ಕಿವಿಯ ಸದ್ದು, ಚಾರ್ಜ್ ಏರುವುದು, ಒಂದು ಹಾಡು, ಒಂದು ವಿಡಿಯೊ ಇಷ್ಟನ್ನೂ ನೋಡಿ. ಮುಚ್ಚಿದ ಮೇಲೆ ಪರದೆಯ ಅಂಚಿನಲ್ಲಿ ಬಿಳಿ ಮಸುಕು ಕಂಡರೆ ಫೋಮ್ ದಪ್ಪವಾಗಿದೆ, ತೆಗೆದು ತೆಳು ಮಾಡಿ. ಹಳೆಯ ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ ಎಲೆಕ್ಟ್ರಾನಿಕ್ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಐಪಾಡನ್ನು ಮತ್ತೆ ಪೆಟ್ಟಿಗೆಗೆ ಸೇರಿಸುವುದಾದರೆ ಅರ್ಧ ಚಾರ್ಜಿನಲ್ಲಿಡಿ, ಮೂರು ತಿಂಗಳಿಗೊಮ್ಮೆ ತೆಗೆದು ಅರ್ಧಕ್ಕೆ ತುಂಬಿಸಿ.